ನೀನು ಯಾರ ಕಡೆಯವನು?

    

ಸತ್ಯವೇದ ತೆರೆಯಿರಿ. ಮೊಬೈಲ್‌ನಲ್ಲಿ ಓದೋರು ಮೊದಲು ವಾಟ್ಸಾಪ್ ಮುಚ್ಚಿ, ಆಮೇಲೆ ಬೈಬಲ್ ತೆರೆಯಿರಿ. ಯೆಹೋಶುವನ ಗ್ರಂಥ 5ನೇ ಅಧ್ಯಾಯ, 13ರಿಂದ 15ನೇ ವಚನ. ಅದರ ಜೊತೆ ಯಾಕೋಬನ ಪತ್ರಿಕೆ 2ನೇ ಅಧ್ಯಾಯ, 1ರಿಂದ 9. ಎರಡಕ್ಕೂ ಬೆರಳಿಟ್ಟುಕೊಂಡಿರಿ.

ವಾಕ್ಯಕ್ಕೆ ಹೋಗೋ ಮುಂಚೆ ಒಂದು ವಿಷಯ ಹೇಳ್ತೀನಿ. ಮಂಗಳವಾರ ನನಗೊಂದು ಫೋನ್ ಬಂತು. "ಪಾಸ್ಟರ್, ನಮ್ಮ ಸಾಹೇಬರು ಬರೋ ಭಾನುವಾರ ನಿಮ್ಮ ಚರ್ಚ್‌ಗೆ ಬರ್ತಾರೆ. ಎರಡೇ ನಿಮಿಷ. ಭಾಷಣ ಏನೂ ಇಲ್ಲ, ಸುಮ್ನೆ ವಿಶ್ ಮಾಡಿ ಹೋಗ್ತಾರೆ. ನೀವೊಂದು ಪ್ರಾರ್ಥನೆ ಮಾಡಿದರೆ ಸಾಕು. ನಿಮ್ಮ ಸ್ಮಶಾನದ ಜಾಗದ ವಿಷಯ ಇದೆಯಲ್ಲ, ಅದನ್ನೂ ನೋಡ್ಕೊಳ್ತಾರೆ." ಯಾವ ಪಕ್ಷ ಅಂತ ಕೇಳಬೇಡಿ, ಹೇಳಲ್ಲ. ಎಲ್ಲ ಪಕ್ಷದವರಿಗೂ ನಮ್ಮ ನಂಬರ್ ಗೊತ್ತು.

ಸ್ಮಶಾನದ ಮಾತು ಬಂದಾಗ ನನ್ನ ಎದೆ ಒಂದ್ಸಲ ಝಲ್ ಅಂತು. ಯಾಕೆ ಅಂತ ನಿಮಗೇ ಗೊತ್ತು. ಎರಡು ತಿಂಗಳ ಹಿಂದೆ ನಮ್ಮ ಸಭೆಯ ಒಬ್ಬ ಹಿರಿಯರು ಕರ್ತನಲ್ಲಿ ನಿದ್ರೆ ಹೋದಾಗ, ಅವರನ್ನ ಮಣ್ಣು ಮಾಡೋಕೆ ಜಾಗ ಸಿಗದೆ ಅವರ ಮಕ್ಕಳು ಶವವನ್ನ ಆಂಬುಲೆನ್ಸ್‌ನಲ್ಲೇ ಇಟ್ಕೊಂಡು ಮಧ್ಯಾಹ್ನದವರೆಗೆ ಅಲೆದಾಡಿದ್ರು. ಆ ದಿನ ಅವರ ಮಗಳು ನನ್ನ ಮುಖ ನೋಡಿದ ರೀತಿ ನಾನು ಮರೆತಿಲ್ಲ. ಹಾಗಾಗಿ ಆ ಫೋನ್ ಸುಲಭದ ಫೋನ್ ಆಗಿರಲಿಲ್ಲ. "ಯೋಚನೆ ಮಾಡಿ ಹೇಳ್ತೀನಿ" ಅಂದೆ. ಮೂರು ದಿನ ಉಪವಾಸ ಪ್ರಾರ್ಥನೆ ಮಾಡಿದೆ. ನನ್ನ ಉತ್ತರವನ್ನ ಇವತ್ತು ನಿಮ್ಮ ಮುಂದೆ ಹೇಳ್ತೀನಿ. ಅದಕ್ಕೆ ಮೊದಲು ವಾಕ್ಯ.

ಯೆರಿಕೋ ಹತ್ತಿರ ಯೆಹೋಶುವ ನಿಂತಿದ್ದಾನೆ. ನಾಳೆ ಯುದ್ಧ. ಕಣ್ಣೆತ್ತಿ ನೋಡಿದರೆ ಎದುರಿಗೆ ಒಬ್ಬ ಮನುಷ್ಯ, ಕೈಯಲ್ಲಿ ಬಿಚ್ಚುಗತ್ತಿ. ಯೆಹೋಶುವ ಕೇಳೋ ಪ್ರಶ್ನೆ ನಾವೆಲ್ಲ ಕೇಳೋ ಪ್ರಶ್ನೆಯೇ: ನೀನು ನಮ್ಮ ಕಡೆಯವನೋ, ಆ ಕಡೆಯವನೋ? ಬಂದ ಉತ್ತರ ಗಮನಿಸಿ. ಅವನು "ನಿಮ್ಮ ಕಡೆ" ಅನ್ನಲಿಲ್ಲ, "ಅವರ ಕಡೆ" ಅಂತಲೂ ಅನ್ನಲಿಲ್ಲ. ಎರಡೂ ಅಲ್ಲ, ನಾನು ಯೆಹೋವನ ಸೈನ್ಯದ ಅಧಿಪತಿಯಾಗಿ ಬಂದಿದ್ದೇನೆ ಅಂದ. ಯೆಹೋಶುವ ಅಲ್ಲೇ ಸಾಷ್ಟಾಂಗ ಬಿದ್ದು, ಕಾಲಿನ ಕೆರ ಕಳಚಿದ.

ದೇವರು ಇಸ್ರಾಯೇಲ್ಯರಿಗೆ ಆ ದೇಶ ಕೊಡ್ತೀನಿ ಅಂತ ಮಾತು ಕೊಟ್ಟಿದ್ದರೂ ಆತನ ಅಧಿಪತಿ ಅವರ ಕಡೆಯ ಕಾರ್ಯಕರ್ತ ಆಗಲಿಲ್ಲ. ದೇವರು ನಮ್ಮ ಕಡೆ ಇದ್ದಾನಾ ಅನ್ನೋದಕ್ಕಿಂತ ನಾವು ದೇವರ ಕಡೆ ಇದ್ದೀವಾ ಅನ್ನೋದು ಮುಖ್ಯ. ಅರ್ಥ ಆದವರು ಆಮೆನ್ ಹೇಳಿ.

ಈಗ ಸ್ವಲ್ಪ ಲೋಕದ ಕಡೆ ನೋಡೋಣ. ನಿಮ್ಮಲ್ಲಿ ಬಹಳ ಜನ ಅಮೆರಿಕದ ಪ್ರಸಂಗಿಗಳನ್ನ ಯೂಟ್ಯೂಬ್‌ನಲ್ಲಿ ಕೇಳ್ತೀರಿ. ಒಳ್ಳೇದು. ಆದರೆ ಅಲ್ಲಿ ನಡೆದದ್ದನ್ನೂ ತಿಳ್ಕೊಳ್ಳಿ. 1979ರಲ್ಲಿ ಜೆರಿ ಫಾಲ್ವೆಲ್ ಅನ್ನೋ ಬ್ಯಾಪ್ಟಿಸ್ಟ್ ಪಾಸ್ಟರ್ "ಮಾರಲ್ ಮೆಜಾರಿಟಿ" ಅಂತ ಒಂದು ಸಂಘಟನೆ ಶುರು ಮಾಡಿದರು. ಬರಬರ್ತಾ ಬಿಳಿಯ ಇವ್ಯಾಂಜೆಲಿಕಲ್ ವಿಶ್ವಾಸಿಗಳ ಮತ ರಿಪಬ್ಲಿಕನ್ ಪಕ್ಷದ ಗಟ್ಟಿ ನೆಲ ಆಯ್ತು. 2016ರ ಎಕ್ಸಿಟ್ ಪೋಲ್‌ಗಳ ಪ್ರಕಾರ ಅವರಲ್ಲಿ ಸುಮಾರು ಶೇಕಡಾ 81 ಮಂದಿ ಟ್ರಂಪ್ ಅವರಿಗೆ ಮತ ಹಾಕಿದ್ರು. ಇನ್ನೊಂದು ಕಡೆ, ಚುನಾವಣೆ ಹತ್ತಿರ ಬಂದರೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಗಳು ಕಪ್ಪು ಜನರ ಸಭೆಗಳ ವೇದಿಕೆ ಮೇಲೆ ಕಾಣಿಸ್ಕೊಳ್ತಾರೆ. ಎರಡೂ ಪಕ್ಷಕ್ಕೂ ಭಾನುವಾರದ ಬೆಳಗ್ಗೆ ಎಲ್ಲಿ ಜನ ಸೇರ್ತಾರೆ ಅಂತ ಚೆನ್ನಾಗಿ ಗೊತ್ತು.

ನಮ್ಮ ದೇಶದಲ್ಲಿ? 2023ರ ಏಪ್ರಿಲ್ 9, ಈಸ್ಟರ್ ಭಾನುವಾರ, ಪ್ರಧಾನಿ ನರೇಂದ್ರ ಮೋದಿಯವರು ದೆಹಲಿಯ ಸೇಕ್ರೆಡ್ ಹಾರ್ಟ್ ಕೆಥೆಡ್ರಲ್‌ಗೆ ಹೋದ್ರು. ಅದೇ ಹಬ್ಬಕ್ಕೆ ಕೇರಳದಲ್ಲಿ ಬಿಜೆಪಿಯವರು ಕ್ರೈಸ್ತರ ಮನೆಮನೆಗೆ ಹೋಗಿ ಶುಭಾಶಯ ಹೇಳಿದ್ರು. ಅದಕ್ಕೆ ಕೆಲವೇ ವಾರ ಮುಂಚೆ ಅಲ್ಲಿನ ತಲಶೇರಿಯ ಆರ್ಚ್‌ಬಿಷಪ್ ಜೋಸೆಫ್ ಪಾಂಪ್ಲಾನಿಯವರು, ಕೇಂದ್ರ ಸರ್ಕಾರ ರಬ್ಬರ್ ಬೆಲೆಯನ್ನ ಕಿಲೋಗೆ 300 ರೂಪಾಯಿ ಮಾಡಿದರೆ ಬಿಜೆಪಿಗೆ ಕೇರಳದಿಂದ ಒಬ್ಬ ಸಂಸದನೂ ಇಲ್ಲ ಅನ್ನೋ ಕೊರತೆ ತೀರಿಸ್ತೀವಿ ಅನ್ನೋ ಅರ್ಥದಲ್ಲಿ ಮಾತಾಡಿದ್ದು ದೊಡ್ಡ ಸುದ್ದಿ ಆಯ್ತು. ರಬ್ಬರ್ ರೈತರ ಕಷ್ಟ ನಿಜ, ಅದನ್ನ ನಾನು ಹಗುರವಾಗಿ ತಗೊಳ್ಳಲ್ಲ. ಆದರೆ ಒಬ್ಬ ಕುರುಬ ತನ್ನ ಮಂದೆಯ ಮತಕ್ಕೆ ರೇಟು ಹೇಳೋದು ಕೇಳಿದಾಗ ನನಗೆ ನಗು ಬರಲಿಲ್ಲ, ಕೋಪಾನೂ ಬರಲಿಲ್ಲ. ನಾಚಿಕೆ ಆಯ್ತು. ಯಾಕೆ ಅನ್ನೋದನ್ನ ಮುಂದೆ ಹೇಳ್ತೀನಿ.

ಕರ್ನಾಟಕದಲ್ಲಿ 2011ರ ಜನಗಣತಿ ಪ್ರಕಾರ ನಾವು ಶೇಕಡಾ 1.87. ನೂರಕ್ಕೆ ಇಬ್ಬರೂ ಇಲ್ಲ. ಆದರೂ ನಮ್ಮನ್ನ ಹುಡುಕ್ಕೊಂಡು ಬರ್ತಾರೆ. ಯಾಕಂದ್ರೆ ನಾವು ಒಂದೇ ಕಡೆ ಹೇಳಿದ ಟೈಮ್‌ಗೆ ಸೇರೋ ಜನ, ಒಬ್ಬರ ಮಾತು ಕೇಳೋ ಜನ. ಆ ಒಬ್ಬರನ್ನ ಹಿಡ್ಕೊಂಡರೆ ಇನ್ನೂರು ವೋಟು ಅಂತ ಅವರ ಲೆಕ್ಕ. ಅಂದ್ರೆ ಅವರು ಕೇಳ್ತಿರೋದು ನಿಮ್ಮ ಮತ ಅಲ್ಲ. ನಿಮ್ಮನ್ನ ಕೇಳದೆ ನಿಮ್ಮ ಮತವನ್ನ ನಾನು ಕೊಡ್ಲಿ ಅಂತ ಕೇಳ್ತಿದ್ದಾರೆ.

ಕಾನೂನು ಏನು ಹೇಳುತ್ತೆ? 1951ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 123(3)ನೇ ಕಲಂ ಪ್ರಕಾರ ಧರ್ಮದ ಹೆಸರಲ್ಲಿ ಮತ ಕೇಳೋದು ಭ್ರಷ್ಟ ಆಚರಣೆ. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ನಾಲ್ಕು–ಮೂರರ ಬಹುಮತದಲ್ಲಿ, ಅಭ್ಯರ್ಥಿಯ ಧರ್ಮ ಮಾತ್ರ ಅಲ್ಲ, ಮತದಾರರ ಧರ್ಮದ ಹೆಸರಲ್ಲಿ ಕೇಳಿದರೂ ಅದು ತಪ್ಪೇ ಅಂತ ಹೇಳ್ತು. ಚುನಾವಣಾ ನೀತಿ ಸಂಹಿತೆಯಲ್ಲಿ ಮಸೀದಿ, ಚರ್ಚ್, ದೇವಸ್ಥಾನ ಯಾವುದನ್ನೂ ಪ್ರಚಾರದ ವೇದಿಕೆ ಮಾಡಬಾರದು ಅಂತ ಸ್ಪಷ್ಟವಾಗಿದೆ. ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆಯೋಕೆ 1988ರ ಕಾಯ್ದೆಯೇ ಬೇರೆ ಇದೆ. ಹಾಗಾಗಿ "ಎರಡೇ ನಿಮಿಷ" ಅನ್ನೋದು ಎರಡು ನಿಮಿಷದ ವಿಷಯ ಅಲ್ಲ.

ಆದರೆ ಪ್ರಿಯರೇ, ಕಾನೂನಿನ ಭಯಕ್ಕೆ ಮಾತ್ರ ಬೇಡ ಅಂದರೆ ಅದು ಸಾಲದು. ಒಂದನೆಯ ಅರಸುಗಳು 22ನೇ ಅಧ್ಯಾಯ ಮನೆಗೆ ಹೋಗಿ ಓದಿ. ಅರಸನಾದ ಅಹಾಬ ಯುದ್ಧಕ್ಕೆ ಹೊರಡಬೇಕು. ಸುಮಾರು ನಾನೂರು ಪ್ರವಾದಿಗಳು ಒಂದೇ ಸ್ವರದಲ್ಲಿ, ಹೋಗು, ಗೆಲ್ತೀಯ ಅಂತಾರೆ. ಚಿದ್ಕೀಯ ಅನ್ನೋನು ಕಬ್ಬಿಣದ ಕೊಂಬು ಮಾಡಿಸ್ಕೊಂಡು ಬಂದು ಡ್ರಾಮಾ ಮಾಡಿ ತೋರಿಸ್ತಾನೆ. ಒಬ್ಬ ಮೀಕಾಯೆಹು ಮಾತ್ರ ಬೇರೆ ಮಾತಾಡ್ತಾನೆ. ಅವನನ್ನ ಕರೆಯೋಕೆ ಹೋದ ದೂತ ದಾರೀಲೇ ಬುದ್ಧಿ ಹೇಳ್ತಾನೆ: ಎಲ್ಲರೂ ಹೇಳಿದ್ದನ್ನೇ ನೀನೂ ಹೇಳಿಬಿಡು. ಅವನು ಒಪ್ಪಲಿಲ್ಲ. ಕೆನ್ನೆಗೆ ಏಟು ಬಿತ್ತು, ಜೈಲು ಸಿಕ್ತು. ಅಹಾಬ ಗೆಲ್ಲಲಿಲ್ಲ, ಸಂಜೆ ಹೊತ್ತಿಗೆ ರಥದಲ್ಲೇ ಸತ್ತ.

ಇದು ಹಳೇ ಕಥೆ ಅನ್ಕೋಬೇಡಿ. 2020ರಲ್ಲಿ ಅಮೆರಿಕದಲ್ಲಿ ನಮ್ಮಂಥದ್ದೇ ಆತ್ಮಭರಿತ ಸಭೆಗಳ ಹಲವು ಪ್ರವಾದಿಗಳು ಟ್ರಂಪ್ ಮತ್ತೆ ಗೆಲ್ತಾರೆ ಅಂತ ಕರ್ತನ ಹೆಸರಲ್ಲಿ ಪ್ರವಾದನೆ ಹೇಳಿದ್ರು. ಆ ಚುನಾವಣೆ ಹಾಗೆ ಆಗಲಿಲ್ಲ. ಅವರಲ್ಲಿ ಜೆರೆಮಿಯಾ ಜಾನ್ಸನ್ ಅನ್ನೋ ಯುವಕ 2021ರ ಜನವರಿಯಲ್ಲಿ, ನಾನು ತಪ್ಪಿದೆ, ಕ್ಷಮಿಸಿ ಅಂತ ಬಹಿರಂಗವಾಗಿ ಕೇಳ್ಕೊಂಡರು. ಅವರಿಗೆ ಏನು ಬಂತು ಗೊತ್ತಾ? ವಿಶ್ವಾಸಿಗಳು ಅಂತ ಹೇಳ್ಕೊಳ್ಳೋರಿಂದಲೇ ಬೈಗುಳ, ಕೊಲೆ ಬೆದರಿಕೆ. ತಪ್ಪು ಪ್ರವಾದನೆಗೆ ಹಲ್ಲೆಲೂಯ ಅಂದ ಜನ ಪಶ್ಚಾತ್ತಾಪಕ್ಕೆ ಕಲ್ಲೆತ್ತಿದ್ರು. ನಾವು ಪವಿತ್ರಾತ್ಮನ ವರಗಳನ್ನ ನಂಬೋ ಜನ. ಅದಕ್ಕೇ ನಮಗೆ ಭಯ ಜಾಸ್ತಿ ಇರಬೇಕು. ದೇವರು ಹೇಳದ್ದನ್ನ ದೇವರು ಹೇಳಿದ ಅಂತ ಯಾರ ತಲೆ ಮೇಲೂ ಕೈಯಿಡಬಾರದು.

ಈಗ ಯಾಕೋಬನ ಪತ್ರಿಕೆಗೆ ಬನ್ನಿ. ನಾಚಿಕೆ ಆಯ್ತು ಅಂದೆನಲ್ಲ, ಕಾರಣ ಇಲ್ಲಿದೆ. ಬೆರಳಿಗೆ ಚಿನ್ನದ ಉಂಗುರ, ಮೈಮೇಲೆ ಹೊಳೆಯೋ ಬಟ್ಟೆ ಇರೋನು ಸಭೆಗೆ ಬಂದರೆ, ಇಲ್ಲಿ ಮುಂದೆ ಬನ್ನಿ ಅಂತ ಒಳ್ಳೇ ಜಾಗ ಕೊಡ್ತೀರಿ. ಕೊಳಕು ಬಟ್ಟೆಯ ಬಡವನಿಗೆ, ಅಲ್ಲೇ ನಿಂತ್ಕೋ ಅಂತೀರಿ. ಇದು ಯಾಕೋಬ ಹಾಕೋ ಆರೋಪ. ಇದನ್ನ ನಾನು ಎಷ್ಟೋ ಸಲ ಪ್ರಸಂಗ ಮಾಡಿದ್ದೆ. ಆದರೆ ಇದು ನನ್ನದೇ ಕಥೆ ಅಂತ ನನಗೆ ಕಾಣಿಸಿರಲಿಲ್ಲ.

ಹತ್ತು ವರ್ಷಕ್ಕಿಂತ ಹಿಂದಿನ ಮಾತು. ಆಗ ನಮ್ಮ ಸಭೆ ಹಾರ್ಡ್‌ವೇರ್ ಅಂಗಡಿ ಮೇಲಿನ ಬಾಡಿಗೆ ಹಾಲ್‌ನಲ್ಲಿ ನಡೀತಿತ್ತು. ಅರವತ್ತು ಜನ. ಚುನಾವಣೆ ಸಮಯ. ಒಬ್ಬ ಅಭ್ಯರ್ಥಿ ಬಂದ್ರು. ಬಿಳಿ ಶರ್ಟು, ಕೈಯಲ್ಲಿ ಚಿನ್ನದ ಕಡಗ. ಮೊದಲ ಸಾಲಿನಲ್ಲಿ ಕೂತಿದ್ದ ಇಬ್ಬರು ಅಜ್ಜಿಯರನ್ನ ಎಬ್ಬಿಸಿ ಜಾಗ ಕೊಟ್ಟವನು ನಾನೇ. ಮೈಕ್ ಕೊಟ್ಟವನೂ ನಾನೇ. ಅವರು, "ನಮ್ಮ ಅಜ್ಜಿನೂ ವೇಲಾಂಕಣ್ಣಿಗೆ ಹರಕೆ ಹೊತ್ತಿದ್ರು" ಅಂದ್ರು. ನಾವು ಪೆಂಟೆಕೋಸ್ಟಲ್‌ನವರು, ಆದರೂ ಚಪ್ಪಾಳೆ ಹೊಡೆದ್ವಿ. ನಾನು ಅವರ ತಲೆ ಮೇಲೆ ಕೈಯಿಟ್ಟು, ಕರ್ತನೇ, ದಾವೀದನನ್ನ ಎಬ್ಬಿಸಿದ ಹಾಗೆ ಇವರನ್ನ ಎಬ್ಬಿಸು ಅಂತ ಪ್ರಾರ್ಥನೆ ಮಾಡಿದೆ. ಹಿಂದಿನ ದಿನ ಶನಿವಾರ, ಅವರ ಕಡೆಯಿಂದ ಎರಡು ದೊಡ್ಡ ಸ್ಪೀಕರ್ ಬಾಕ್ಸ್ ಬಂದಿದ್ದವು. ಪುಟ್ಟ ಸಭೆಗೆ ಅದು ದೊಡ್ಡ ಸಂತೋಷ.

ಆರಾಧನೆ ಮುಗೀತು. ಎಲ್ಲರೂ ಹೋದ್ರು. ಹಿಂದಿನ ಸಾಲಲ್ಲಿ ಕೂರ್ತಿದ್ದ ಒಬ್ಬ ತಾಯಿ ಕುರ್ಚಿ ಜೋಡಿಸ್ತಾ ಉಳ್ಕೊಂಡಿದ್ರು. ಪೌರಕಾರ್ಮಿಕರು. ಬೆಳಗಿನ ಜಾವ ರಸ್ತೆ ಗುಡಿಸಿ, ಮನೆಗೆ ಹೋಗಿ ಸ್ನಾನ ಮಾಡಿ, ಹಿಟ್ಟು ಅಂಟಿದ ಕೈ ಒರೆಸ್ಕೊಳ್ತಾ ಸಭೆಗೆ ಬರ್ತಿದ್ರು. ಅವರ ಮಗ ನಮ್ಮ ಸಭೇಲಿ ಕೀಬೋರ್ಡ್ ನುಡಿಸ್ತಿದ್ದ. ಆ ತಾಯಿ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ್ರು: "ಪಾಸ್ಟರಯ್ಯ, ಅವರೇ ನಮ್ಮ ಕಂಟ್ರಾಕ್ಟ್ರು. ಮೂರು ತಿಂಗಳಿಂದ ನಮಗೆ ಸಂಬಳ ಕೊಟ್ಟಿಲ್ಲ. ನೀವು ಪ್ರಾರ್ಥನೆ ಮಾಡಿದಾಗ ನಾನೂ ಆಮೆನ್ ಅನ್ಬೇಕಿತ್ತಾ?"

ನಾನು ಏನು ಹೇಳಿದೆ? "ನೋಡೋಣಮ್ಮ, ಮಾತಾಡ್ತೀನಿ." ಮಾತಾಡಲಿಲ್ಲ. ಮಾತಾಡೋಕೆ ಆಗಲಿಲ್ಲ, ಯಾಕಂದ್ರೆ ಬಾಕ್ಸ್ ಆಗಲೇ ಬಂದಾಗಿತ್ತು. ಅದೇ ಯಾಕೋಬ 5ನೇ ಅಧ್ಯಾಯ 4ನೇ ವಚನದಲ್ಲಿ, ಹಿಡಿದಿಟ್ಟ ಕೂಲಿ ಕೂಗ್ತದೆ, ಆ ಕೂಗು ಕರ್ತನ ಕಿವಿಗೆ ಬೀಳ್ತದೆ ಅನ್ನೋ ಮಾತಿದೆ. ಕರ್ತನ ಕಿವಿಗೆ ಬಿತ್ತು. ಕರ್ತನ ಸೇವಕನ ಕಿವಿಗೂ ಬಿತ್ತು. ಸೇವಕ ಸುಮ್ಮನಿದ್ದ.

ಆ ತಾಯಿ ಇನ್ನೂ ಮೂರು ಭಾನುವಾರ ಬಂದ್ರು. ಆಮೇಲೆ ಬರಲಿಲ್ಲ. ಮಗನೂ ಬರಲಿಲ್ಲ. ನನ್ನ ಪ್ರಾರ್ಥನೆಯ ಫೋಟೋ ಮಾತ್ರ ಎಷ್ಟೋ ದಿನ ವಾಟ್ಸಾಪ್‌ನಲ್ಲಿ ಓಡಾಡ್ತಿತ್ತು, "ಕ್ರೈಸ್ತ ಬಾಂಧವರ ಬೆಂಬಲ" ಅಂತ. ಅಭ್ಯರ್ಥಿ ಗೆದ್ದರಾ, ಸೋತರಾ? ಕೇಳಬೇಡಿ. ನಾನಂತೂ ಆವತ್ತೇ ಸೋತಿದ್ದೆ.

ನಾಲ್ಕು ವರ್ಷ ಆದ್ಮೇಲೆ ಕರ್ತನು ನನ್ನನ್ನ ಬಿಡಲಿಲ್ಲ. ವಿಳಾಸ ಹುಡುಕ್ಕೊಂಡು ಅವರ ಮನೆಗೆ ಹೋದೆ. ಕೂರಿಸಿದ್ರು, ಟೀ ಕೊಟ್ರು. ನಾನು ಕ್ಷಮೆ ಕೇಳಿದೆ. ಆ ಸ್ಪೀಕರ್ ಮಾರಿ ಬಂದ ದುಡ್ಡು ತಗೊಂಡು ಹೋಗಿದ್ದೆ, ಕೊಟ್ಟೆ. ಮುಟ್ಟಲಿಲ್ಲ. "ದುಡ್ಡು ಬೇಡ ಅಯ್ಯ. ಮುಂದೆ ಯಾರಾದ್ರೂ ದೊಡ್ಡೋರು ಬರ್ತೀನಿ ಅಂದ್ರೆ, ಮೊದಲು ಹಿಂದಿನ ಸಾಲಲ್ಲಿ ಕೂತೋರನ್ನ ಒಂದು ಮಾತು ಕೇಳಿ" ಅಂದ್ರು. ಮಗ ಒಳಗಿನ ಕೋಣೇಲಿದ್ದ, ಹೊರಗೆ ಬರಲಿಲ್ಲ. ಇವತ್ತಿಗೂ ಅವನು ಯಾವ ಸಭೆಗೂ ಹೋಗ್ತಿಲ್ಲ ಅಂತ ಕೇಳಿದ್ದೀನಿ. ಅವನ ಹೆಸರು ನನ್ನ ಪ್ರಾರ್ಥನೆ ಪುಸ್ತಕದಲ್ಲಿ ಮೊದಲ ಸಾಲಿನಲ್ಲಿದೆ. ಎರಡು ಸ್ಪೀಕರ್‌ಗೆ ನಾನು ಒಂದು ಆತ್ಮವನ್ನ ಕಳ್ಕೊಂಡೆ.

ಯೌವನಸ್ಥರೇ, ಈಗ ನಿಮ್ಮಲ್ಲಿ ಕೆಲವರು ಒಳಗೊಳಗೇ ಹೇಳ್ತಿದ್ದೀರಿ: "ಪಾಸ್ಟರ್, ಇದೆಲ್ಲ ಸರಿ. ಆದರೆ ನಮಗೂ ಕಷ್ಟ ಇದೆಯಲ್ಲ? ನಮ್ಮ ಪರವಾಗಿ ಮಾತಾಡೋರು ಬೇಡವಾ?" ಬೇಕು. ಇಲ್ಲಿ ನಾನು ಪ್ರಾಮಾಣಿಕವಾಗಿ ಮಾತಾಡಬೇಕು. 2022ರಲ್ಲಿ ಬಿಜೆಪಿ ಸರ್ಕಾರ ಇದ್ದಾಗ ನಮ್ಮ ರಾಜ್ಯದಲ್ಲಿ ಮತಾಂತರದ ಮೇಲೆ ಕಾಯ್ದೆ ಬಂದಾಗ ಮನೆ ಪ್ರಾರ್ಥನೆಗೆ ಹೋಗೋಕೂ ನಮ್ಮ ಜನ ಹೆದರಿದ್ದರು. ಸರ್ಕಾರ ಬದಲಾಗಿ, 2023ರ ಜೂನ್‌ನಲ್ಲಿ ಕಾಂಗ್ರೆಸ್ ಸರ್ಕಾರದ ಸಂಪುಟ ಅದನ್ನ ರದ್ದು ಮಾಡೋ ತೀರ್ಮಾನ ತಗೊಳ್ತು. 1950ರ ರಾಷ್ಟ್ರಪತಿ ಆದೇಶದಿಂದಾಗಿ, ದಲಿತರು ಕ್ರೈಸ್ತರಾದರೆ ಅವರಿಗೆ ಪರಿಶಿಷ್ಟ ಜಾತಿಯ ಸ್ಥಾನ ಇಲ್ಲ. ಇವೆಲ್ಲ ಮತದ ಜೊತೆ ಸಂಬಂಧ ಇರೋ ವಿಷಯಗಳೇ. ಪೌಲ ತನ್ನನ್ನ ಕೊರಡೆಯಿಂದ ಹೊಡೆಯೋಕೆ ಕಟ್ಟಿದಾಗ ತಾನು ರೋಮಿನ ಪ್ರಜೆ ಅಂತ ಹೇಳಿದ. ಕೈಸರನ ಮುಂದೆಯೇ ನನ್ನ ವಿಚಾರಣೆ ಆಗಲಿ ಅಂತ ಕೇಳ್ಕೊಂಡ. ಹಕ್ಕು ಕೇಳೋದು ಅವಿಶ್ವಾಸ ಅಲ್ಲ.

ಆದರೆ ವ್ಯತ್ಯಾಸ ನೋಡಿ. ಪೌಲ ಕೈಸರನ ಹತ್ತಿರ ನ್ಯಾಯ ಕೇಳಿದ, ಕೈಸರನ ಪ್ರಚಾರಕ ಆಗಲಿಲ್ಲ. ಹಕ್ಕನ್ನ ನಾಗರಿಕನಾಗಿ ಕೇಳು. ಸುವಾರ್ತೆಯನ್ನ ಬಾಡಿಗೆಗೆ ಕೊಡಬೇಡ. ಇನ್ನೊಂದು ಮಾತು: ನಮ್ಮ ಗೋಡೆಗೆ ಕಲ್ಲು ಬಿದ್ದಾಗ ಮಾತ್ರ ನಮಗೆ ನೋವಾಗಿ, ಪಕ್ಕದ ಬೀದಿಯ ಮಸೀದಿಗೋ, ದಲಿತರ ಗುಡಿಸಲಿಗೋ ಕಲ್ಲು ಬಿದ್ದಾಗ ನಾವು ಸುಮ್ಮನಿದ್ದರೆ, ಅದೇನು ಪ್ರೀತಿ? ಯಾಕೋಬ ಅದೇ ಅಧ್ಯಾಯದಲ್ಲಿ ನೆರೆಯವನನ್ನ ನಿನ್ನಂತೆಯೇ ಪ್ರೀತಿಸೋದಕ್ಕೆ ರಾಜಾಜ್ಞೆ ಅನ್ನೋ ಹೆಸರು ಕೊಡ್ತಾನೆ. ಮತಗಟ್ಟೆಯ ಆ ಪುಟ್ಟ ಮರೆಯೊಳಗೂ ಆ ಆಜ್ಞೆ ನಡೀಬೇಕು.

ಹಾಗಾದ್ರೆ ಏನು ಮಾಡೋಣ? ಮೂರು ವಿಷಯ, ಬರ್ಕೊಳ್ಳಿ.

ಮೊದಲನೆಯದು, ಎಲ್ಲರಿಗಾಗಿ ಪ್ರಾರ್ಥಿಸಿ. ಒಂದನೆಯ ತಿಮೊಥೆಯ 2ನೇ ಅಧ್ಯಾಯದಲ್ಲಿ ಅಧಿಕಾರದಲ್ಲಿರೋ ಎಲ್ಲರಿಗಾಗಿ ಪ್ರಾರ್ಥಿಸೋ ಆಜ್ಞೆ ಇದೆ. ನಮಗೆ ಇಷ್ಟ ಇರೋರಿಗೆ ಮಾತ್ರ ಅಂತ ಇಲ್ಲ. ಇನ್ನು ಮೇಲೆ ಈ ಸಭೆಯಲ್ಲಿ ನಮ್ಮ ಕ್ಷೇತ್ರದ ಎಲ್ಲ ಅಭ್ಯರ್ಥಿಗಳ ಹೆಸರೂ ಒಂದೇ ಪ್ರಾರ್ಥನೇಲಿ ಬರ್ತದೆ. ಫೋಟೋ ಇರಲ್ಲ.

ಎರಡನೆಯದು, ಮತ ಹಾಕಿ. 2023ರಲ್ಲಿ ರಾಜ್ಯದಲ್ಲಿ ಶೇಕಡಾ 73ರಷ್ಟು ಮತದಾನ ಆದಾಗ ನಮ್ಮ ಬೆಂಗಳೂರು ಶೇಕಡಾ 55ರ ಆಸುಪಾಸಲ್ಲೇ ಇತ್ತು. ರಜೆ ಸಿಕ್ತು ಅಂತ ಕೂರ್ಗ್‌ಗೆ ಹೋದೋರು ಯಾರ್ಯಾರು ಅಂತ ಕೇಳಲ್ಲ. 18 ತುಂಬಿದ್ರೆ ಫಾರ್ಮ್ 6 ತುಂಬಿ. ಅಭ್ಯರ್ಥಿಯ ಅಫಿಡವಿಟ್ ಓದಿ. ಕೇಸ್ ಎಷ್ಟು, ಆಸ್ತಿ ಎಷ್ಟು ಎಲ್ಲ ಅದರಲ್ಲಿರುತ್ತೆ, ಚುನಾವಣಾ ಆಯೋಗದ ಆ್ಯಪ್‌ನಲ್ಲೇ ಸಿಗುತ್ತೆ. ಅಫಿಡವಿಟ್‌ನಲ್ಲಿ ಇಲ್ಲದ್ದನ್ನ ಅವರ ಹತ್ತಿರ ಕೂಲಿ ಮಾಡೋರನ್ನ ಕೇಳಿ. ಯಾರಿಗೆ ಹಾಕ್ಬೇಕು ಅಂತ ನಾನು ಹೇಳಲ್ಲ. ಇಬ್ಬರು ಒಳ್ಳೇ ವಿಶ್ವಾಸಿಗಳು ಬೇರೆಬೇರೆ ಬಟನ್ ಒತ್ತಿ ಬಂದು ಒಂದೇ ರೊಟ್ಟಿ ಮುರಿದು ತಿನ್ನಬಹುದು. ತಿನ್ನಬೇಕು.

ಮೂರನೆಯದು, ಸಭೆಯಾಗಿ ಚುನಾವಣೆಗೆ ಉಪ್ಪಾಗಿರಿ, ಸರಕಾಗಬೇಡಿ. ಮಿಜೋರಾಂನಲ್ಲಿ ಶೇಕಡಾ 87 ಜನ ಕ್ರೈಸ್ತರು. ಅಲ್ಲಿ ಸಭೆ ಮನಸ್ಸು ಮಾಡಿದ್ರೆ ಸರ್ಕಾರವನ್ನೇ ಆರಿಸಬಹುದು. ಆದರೆ ಅಲ್ಲಿನ ಪ್ರೆಸ್ಬಿಟೇರಿಯನ್ ಸಭೆಯ ಮುಂದಾಳತ್ವದಲ್ಲಿ 2006ರಲ್ಲಿ ಹುಟ್ಟಿದ ಮಿಜೋರಾಂ ಪೀಪಲ್ಸ್ ಫೋರಂ ಏನು ಮಾಡ್ತದೆ ಗೊತ್ತಾ? ಪಕ್ಷಗಳ ಹತ್ತಿರ ಒಪ್ಪಂದಕ್ಕೆ ಸಹಿ ಹಾಕಿಸ್ತದೆ: ಅಬ್ಬರ ಬೇಡ, ದುಂದುವೆಚ್ಚ ಬೇಡ, ಹಣ ಹಂಚಬೇಡಿ. ಎಲ್ಲ ಅಭ್ಯರ್ಥಿಗಳನ್ನ ಒಂದೇ ವೇದಿಕೆಗೆ ತಂದು ಜನರ ಮುಂದೆ ನಿಲ್ಲಿಸ್ತದೆ. ನಾಗಾಲ್ಯಾಂಡ್‌ನಲ್ಲಿ ಬ್ಯಾಪ್ಟಿಸ್ಟ್ ಸಭೆಗಳ ಮಂಡಳಿಯೂ ಸ್ವಚ್ಛ ಚುನಾವಣೆಗಾಗಿ ಅಭಿಯಾನ ಮಾಡ್ತಾ ಬಂದಿದೆ. ಅಷ್ಟು ಬಲ ಇದ್ದರೂ ಅವರು ಕೇಳ್ತಿರೋದು "ನಮಗೇನು ಕೊಡ್ತೀರಿ" ಅಂತ ಅಲ್ಲ, "ಚುನಾವಣೆ ಶುದ್ಧವಾಗಿ ಮಾಡ್ತೀರಾ" ಅಂತ.

ಈಗ ನನ್ನ ಉತ್ತರ. ನಿನ್ನೆ ರಾತ್ರಿ ನಾನು ವಾಪಸ್ ಫೋನ್ ಮಾಡಿದೆ. "ಸಾಹೇಬರು ಬರಲಿ. ಎಲ್ಲರ ಹಾಗೆ ಚಪ್ಪಲಿ ಬಿಟ್ಟು, ಜಾಗ ಇದ್ದ ಕಡೆ ಕೂತು, ವಾಕ್ಯ ಕೇಳಲಿ. ಮೈಕ್ ಇಲ್ಲ, ಫೋಟೋ ಇಲ್ಲ" ಅಂದೆ. ಆ ಕಡೆಯವರು ಸ್ವಲ್ಪ ಹೊತ್ತು ಸುಮ್ಮನಿದ್ರು. "ಹಾಗಾದ್ರೆ ಸ್ಮಶಾನದ ವಿಷಯ ನೀವೇ ನೋಡ್ಕೊಳ್ಳಿ ಪಾಸ್ಟರ್" ಅಂದು ಇಟ್ರು.

ಆಯ್ತು, ನಾವೇ ನೋಡ್ಕೊಳ್ಳೋಣ. ಸತ್ತವರನ್ನ ಮಣ್ಣು ಮಾಡೋ ಜಾಗ ಯಾರೋ ಕೊಡೋ ಗಿಫ್ಟ್ ಅಲ್ಲ. ತಹಶೀಲ್ದಾರ್ ಕಚೇರಿಗೆ ಅರ್ಜಿ ಸಿದ್ಧವಾಗಿದೆ, ಹೊರಗೆ ಮೇಜಿನ ಮೇಲೆ ಇಟ್ಟಿದ್ದೀವಿ, ಸಹಿ ಹಾಕಿ ಹೋಗಿ. ತಡ ಆಗಬಹುದು. ನನ್ನ ಈ ತೀರ್ಮಾನದಿಂದ ಇನ್ನೊಂದು ಮನೆಯವರು ಆಂಬುಲೆನ್ಸ್‌ನಲ್ಲಿ ಅಲೆಯಬೇಕಾಗಿ ಬರಬಹುದು. ಅದು ನನಗೆ ಗೊತ್ತು, ಆ ಭಾರ ಹೊತ್ಕೊಂಡೇ ಇದನ್ನ ಹೇಳ್ತಿದ್ದೀನಿ. ಆ ದಿನ ಬಂದರೆ ಆಂಬುಲೆನ್ಸ್‌ನ ಮುಂದಿನ ಸೀಟಲ್ಲಿ ನಾನೂ ಇರ್ತೀನಿ.

ಹಿಂದಿನ ಸಾಲಲ್ಲಿ ಕೂತಿರೋರೇ, ನಿಮಗೊಂದು ಮಾತು. ಇನ್ನು ಮೇಲೆ ಈ ಪ್ರಸಂಗ ಪೀಠದಿಂದ ಯಾರಿಗಾಗಿಯಾದರೂ ಮಾಡೋ ಪ್ರಾರ್ಥನೆಗೆ ನಿಮ್ಮ ಬಾಯಿಂದ ಆಮೆನ್ ಬರದಿದ್ದರೆ, ಅಲ್ಲೇ ಕೈಯೆತ್ತಿ ನನ್ನನ್ನ ನಿಲ್ಲಿಸಿ.

ಎದ್ದು ನಿಲ್ಲೋಣ. ಕಣ್ಣು ಮುಚ್ಚಿ.

ಪರಿಶುದ್ಧನಾದ ತಂದೆಯೇ, ನೀನು ಯಾರ ಕಡೆ ಅಂತ ನಾವು ಇನ್ನು ಕೇಳುವುದಿಲ್ಲ, ನಮ್ಮನ್ನು ನಿನ್ನ ಕಡೆಗೆ ಎಳೆದುಕೋ. ಈ ಪಟ್ಟಣದ ಕ್ಷೇಮಕ್ಕಾಗಿ, ನಮ್ಮನ್ನು ಆಳುವವರಿಗಾಗಿ, ಆಳಲು ಬಯಸುವ ಎಲ್ಲರಿಗಾಗಿ ನಿನ್ನ ಸನ್ನಿಧಿಯಲ್ಲಿ ಬೇಡುತ್ತೇವೆ. ಕೂಲಿ ಸಿಗದವರ ಕೂಗನ್ನು ನಮ್ಮ ಕಿವಿಗೂ ಕೇಳಿಸು. ನಮ್ಮ ನಾಲಿಗೆಯನ್ನು ಸುಳ್ಳು ಪ್ರವಾದನೆಯಿಂದ ಕಾಪಾಡು. ನನ್ನಿಂದ ದೂರ ಹೋದ ಆ ಮಗನನ್ನು, ಕರ್ತನೇ, ನಿನ್ನ ಕೈಯಾರೆ ಹಿಂದಕ್ಕೆ ಕರೆದುಕೊಂಡು ಬಾ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.

ಆಮೆನ್. ಹೋಗುವಾಗ ಅರ್ಜಿಗೆ ಸಹಿ ಹಾಕೋದು ಮರೀಬೇಡಿ. ದೇವರು ನಿಮ್ಮನ್ನ ಆಶೀರ್ವದಿಸಲಿ.